ಜಿಪಾರಳಿಗೆ ಹೇಳದ ಮಾತು

"ಅವಳಿಗೆ ಮಾತ್ರ ಹೇಳ್ಬೇಡಿ ಅಕ್ಕ. ಸುಮ್ನೆ ಕರ್ಕೊಂಡು ಬಂದ್ಬಿಡಿ," ಎಂದಿತು ಫೋನಿನ ಆಚೆಯ ದನಿ.

ಬುರುಲ್ ಊಟದ ಕೋಣೆಯ ಹೊರಗೆ, ಕೋಟು ನೇತುಹಾಕುವ ಗೂಟಗಳ ಪಕ್ಕದಲ್ಲಿ ನಿಂತಿದ್ದಳು. ಬಾಗಿಲ ಸಂದಿಯಿಂದ ಗಂಜಿಯ ವಾಸನೆಯೂ ಹುಡುಗಿಯರ ನಗುವೂ ಒಟ್ಟಿಗೇ ಬರುತ್ತಿದ್ದವು. ಮಾತಾಡುತ್ತಿದ್ದವನು ಎಸೆನ್, ಬುರುಲ್ ಕೋಚ್ ಆಗಿದ್ದ ದೇಶದ ಹೆಂಗಸರ ಫುಟ್ಬಾಲ್ ತಂಡದ ಗೋಲ್‌ಕೀಪರ್ ಜಿಪಾರಳ ಅಣ್ಣ. ಅವರಪ್ಪ ಸಗಿನ್ ಹಿಂದಿನ ಸಂಜೆ ಕುದುರೆಗೆ ನೀರು ಕುಡಿಸಿ ಬಂದವನು ಹೊಸ್ತಿಲಲ್ಲೇ ಕೂತನಂತೆ, ಎದೆ ಒತ್ತಿದಂತಾಗುತ್ತದೆ ಅಂದನಂತೆ, ಅಷ್ಟೇ.

"ಅಂಗಳದಲ್ಲಿ ಯುರ್ತ್ ಗುಡಾರ ಎಬ್ಬಿಸಿ ಅಪ್ಪನ್ನ ಅದ್ರೊಳಗೆ ಮಲಗ್ಸಿದೀವಿ. ಮೊದಲಾಗಿದ್ರೆ ಮೂರು ದಿನ ಇಟ್ಕೋತಿದ್ವಿ. ಈಗಿನ ಮುಲ್ಲಾ ಒಪ್ಪಲ್ಲ, ಇವತ್ತೇ ಮಣ್ಣು ಮಾಡ್ಬೇಕು ಅಂತಾರೆ. ಮಗಳು ಬಂದು ಮುಖ ನೋಡ್ಲಿ ಅಂತ ಇಳಿಹೊತ್ತಿನ ಅಸರ್ ನಮಾಜಿನ ತನಕ ಕಾಯೋಕೆ ಒಪ್ಸಿದೀನಿ."

"ಹೊರಡ್ತೀವಿ ತಮ್ಮ. ಈಗ್ಲೇ ಹೊರಡ್ತೀವಿ," ಎಂದಳು ಬುರುಲ್. ಆ ಮಾತು ಆಡುವಾಗ ಅದು ನಿಜವೇ ಆಗಿತ್ತು.

ಹೆತ್ತವರ ಸಾವಿನ ಸುದ್ದಿಯನ್ನು ಮಕ್ಕಳಿಗೆ ಫೋನಿನಲ್ಲಿ ಹೇಳುವ ಪದ್ಧತಿ ಅವರಲ್ಲಿಲ್ಲ. ಮಗಳನ್ನು ಏನೋ ನೆಪ ಹೇಳಿ ಊರಿಗೆ ಕರೆತರಬೇಕು; ಮನೆ ಹತ್ತಿರವಾದಾಗ ಹಿರಿಯರು ಎದುರು ಬಂದು, ಭುಜ ಹಿಡಿದು, ಮೆಲ್ಲಗೆ ತಿಳಿಸಬೇಕು. ಬುರುಲಳ ತಾಯಿ ಹೋದಾಗಲೂ ಹಾಗೇ ಆಗಿತ್ತು.

ಅವಳು ಒಳಗೆ ಬಂದಳು. ಉದ್ದದ ಮೇಜಿನ ಕೊನೆಯಲ್ಲಿ ಜಿಪಾರ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಯಾರದೋ ಅಣಕ ಮಾಡುತ್ತಿದ್ದಳು. ಪಕ್ಕದಲ್ಲಿ ಪೆರಿಜಾತ್, ತಂಡದ ಇನ್ನೊಬ್ಬ ಗೋಲ್‌ಕೀಪರ್, ಪ್ಲಾಸ್ಟರ್ ಹಾಕಿದ ಎಡಗೈಯನ್ನು ಮೇಜಿನ ಮೇಲಿಟ್ಟು ಬಲಗೈಯಲ್ಲಿ ಗಂಜಿ ಕುಡಿಯುತ್ತಿದ್ದಳು. ಗೋಲು ಕಾಯಲು ಮೂರನೆಯವಳು ಇರಲಿಲ್ಲ. ಹತ್ತು ಗಂಟೆಗೆ ಉಜ್ಬೇಕ್ ತಂಡದ ಜೊತೆ ಆಟ.

ಬುರುಲ್ ಇದೇ ತಂಡದ ಕೆಂಪು ಅಂಗಿ ತೊಟ್ಟು ಹತ್ತು ವರ್ಷ ಆಡಿದವಳು. ಉಜ್ಬೇಕರ ಎದುರು ಆಡಿದಾಗಲೆಲ್ಲ ತಮ್ಮ ಮೇಲೆ ಬಿದ್ದ ಗೋಲುಗಳನ್ನು ಎಣಿಸುವುದನ್ನೇ ಬಿಟ್ಟಿದ್ದವಳು. ಹೆಂಗಸರಿಗೆ ಯಾಕೆ ಇದೆಲ್ಲ ಎನ್ನುವವರಿಗೆ ಪ್ರತಿ ಸಲವೂ ಒಂದು ಅಂಕಿ ಸಿಗುತ್ತಿತ್ತು. ಈ ಸಲವೂ ಮಾನ ಹೋದರೆ ಮುಂದಿನ ವರ್ಷ ತಂಡವೇ ಇರುವುದಿಲ್ಲ ಎಂಬ ಮಾತು ಗಾಳಿಯಲ್ಲಿತ್ತು. ಆದರೆ ಈ ಸಲ ಜಿಪಾರ್ ಇದ್ದಳು. ಅವಳ ಹದಿನಾರನೇ ವಯಸ್ಸಿನಲ್ಲಿ ಸಗಿನ್ ತಾನೇ ಅವಳನ್ನು ಶಿಬಿರಕ್ಕೆ ಕರೆತಂದಿದ್ದ, ಹೆಗಲ ಮೇಲೆ ಒಂದು ಮೂಟೆ ಆಲೂಗಡ್ಡೆ ಹೊತ್ತು. "ತೋಳದ ಬಾಯಿಂದ ಕುರಿ ಕಾದೋಳು ಕಣಮ್ಮ ಇವಳು. ನಿನ್ನ ಗೋಲು ಕಾಯೋದು ಯಾವ ಲೆಕ್ಕ?" ಎಂದು ನಕ್ಕಿದ್ದ.

ಆಟ ಹನ್ನೆರಡಕ್ಕೆ ಮುಗಿಯುತ್ತದೆ. ಜಿಪಾರಳ ಊರು ಕೊಚ್ಕೋರಿಗೆ ಮೂರೂವರೆ ಗಂಟೆಯ ದಾರಿ. ಅಸರ್ ಹೊತ್ತಿಗೆ ತಲುಪಬಹುದು. ಬುರುಲ್ ಲೆಕ್ಕ ಹಾಕಿದಳು; ಲೆಕ್ಕ ಸರಿಹೋಯಿತು. ಸರಿಹೋಗದಿದ್ದರೆ ಏನು ಮಾಡುತ್ತಿದ್ದೆ ಎಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ.

ವ್ಯಾನಿನ ಚಾಲಕ ಕುಬಾತ್‌ನಿಗೆ ಮಾತ್ರ ಹೇಳಿದಳು. ಅವನು ಒರೆಸುತ್ತಿದ್ದ ಗಾಜನ್ನು ಬಿಟ್ಟು ಅವಳ ಮುಖ ನೋಡಿದ.

"ಈಗ್ಲೇ ಹೊರಡ್ಬೇಕಲ್ವೇನಮ್ಮ?"

"ಆಟ ಮುಗಿದ ತಕ್ಷಣ. ಗಾಡಿ ಬಾಗಿಲ ಹತ್ರಾನೇ ಇರ್ಲಿ."

"ಅವಳನ್ನೇ ಒಂದ್ಮಾತು..."

"ಹೇಳ್ಬಾರ್ದು ಅಂತ ಅವರೇ ಹೇಳಿದಾರೆ ಕುಬಾತಣ್ಣ."

ಅವನು ಮತ್ತೆ ಗಾಜಿನ ಕಡೆ ತಿರುಗಿದ. "ನೀನು ಕೋಚು. ನಾನು ಡ್ರೈವರು," ಎಂದ.

ಮೈದಾನದಲ್ಲಿ ಆಂಬುಲೆನ್ಸ್ ಬಂದಿರಲಿಲ್ಲ. ಅದಿಲ್ಲದೆ ಆಟ ಶುರು ಮಾಡುವ ಹಾಗಿಲ್ಲ ಎಂದು ರೆಫರಿ ಕೈಕಟ್ಟಿ ನಿಂತಳು. ಹುಡುಗಿಯರು ಚಳಿಗೆ ಕುಪ್ಪಳಿಸುತ್ತ, ಅಂಗೈಗೆ ಉಸಿರು ಊದಿಕೊಳ್ಳುತ್ತ ಕಾದರು. ದೂರದ ಅಲಾ-ತೂ ಬೆಟ್ಟಗಳ ಮೇಲೆ ಹೊಸ ಹಿಮ ಬಿದ್ದಿತ್ತು. ಬುರುಲ್ ಗಡಿಯಾರ ನೋಡಿದಳು, ಗೇಟು ನೋಡಿದಳು, ಮತ್ತೆ ಗಡಿಯಾರ ನೋಡಿದಳು. ಆಟ ಶುರುವಾದಾಗ ಹನ್ನೊಂದಾಗುತ್ತ ಬಂದಿತ್ತು. ಈಗಲೂ ತಡೆಯಬಹುದಿತ್ತು. ಜಿಪಾರ್ ಗೋಲಿನ ಎರಡೂ ಕಂಬಗಳನ್ನು ಮುಟ್ಟಿ, ಉಗುಳಿ, ಮೊಣಕಾಲು ಬಗ್ಗಿಸಿ ನಿಂತಳು.

ಅಂಥ ಆಟವನ್ನು ಅವಳು ಹಿಂದೆ ಆಡಿರಲಿಲ್ಲ. ಉಜ್ಬೇಕರು ಅಲೆಯಲೆಯಾಗಿ ಬಂದರು. ಅವಳು ಅವರ ಕಾಲಡಿಗೇ ಬಿದ್ದು ಚೆಂಡು ಕಿತ್ತುಕೊಂಡಳು. ಬೆರಳ ತುದಿಯಲ್ಲಿ ತಟ್ಟಿ ಕಂಬದ ಆಚೆ ಕಳಿಸಿದಳು. ಎದ್ದು ನಿಂತು, ಎದುರಿನವರಿಗಿಂತ ಹೆಚ್ಚಾಗಿ ತನ್ನವರನ್ನೇ ಬೈದಳು. "ಏ, ಮದುವೆಗೆ ಬಂದಿದೀರಾ? ಓಡ್ರೇ." ಕಾಂಕ್ರೀಟ್ ಮೆಟ್ಟಿಲ ಮೇಲೆ ಕೂತಿದ್ದ ಕೆಲವೇ ಜನ ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಮುಂದಕ್ಕೆ ಬಾಗಿ ನೋಡತೊಡಗಿದರು.

ಅರ್ಧ ಆಟದ ಬಿಡುವಿನಲ್ಲಿ ಎಸೆನ್ ಫೋನ್ ಮಾಡಿದ. ಬುರುಲ್ ಶೌಚಾಲಯದ ಹಿಂದಿನ ಗೋಡೆಯವರೆಗೆ ಹೋಗಿ ಎತ್ತಿದಳು.

"ಎಲ್ಲಿದೀರಿ ಅಕ್ಕ?"

"ದಾರೀಲಿದೀವಿ. ಟೋಕ್ಮೋಕ್ ದಾಟಿದ್ವಿ."

ಆ ಕಡೆ ಹೆಂಗಸರು ಹಾಡಿ ಅಳುವುದು ದೂರದಿಂದ ಕೇಳುತ್ತಿತ್ತು. "ಸರಿ ಅಕ್ಕ. ನಿಧಾನಕ್ಕೆ ಬನ್ನಿ. ದಾರಿ ಜಾರತ್ತೆ," ಎಂದು ಅವನು ಫೋನಿಟ್ಟ.

ಆಟ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತಿದೆ ಅನ್ನುವಾಗ ಉಜ್ಬೇಕರಿಗೆ ಪೆನಾಲ್ಟಿ ಸಿಕ್ಕಿತು. ಬುರುಲ್ ಬೆಂಚಿನಿಂದ ಎದ್ದಳು. ಹೊಡೆಯಲಿ, ಗೋಲಾಗಲಿ, ಮುಗಿದು ಹೋಗಲಿ ಎಂದು ಅವಳ ಒಳಗೆ ಯಾವುದೋ ದನಿ ಹೇಳಿತು. ಸೋತರೆ ತನಗೆ ತಕ್ಕ ಶಿಕ್ಷೆಯಾದರೂ ಆದೀತು ಎಂಬಂತೆ. ಚೆಂಡು ಬಲಕ್ಕೆ ಬಂತು. ಜಿಪಾರ್ ಬಲಕ್ಕೇ ಹಾರಿದಳು. ಎರಡೂ ಕೈಗೆ ಸಿಕ್ಕ ಚೆಂಡನ್ನು ಎದೆಗೆ ಅವಚಿಕೊಂಡು ಹಸಿ ಹುಲ್ಲಿನ ಮೇಲೆ ಮುದುರಿ ಬಿದ್ದಳು. ಹುಡುಗಿಯರೆಲ್ಲ ಅವಳ ಮೇಲೆ ಬಿದ್ದರು.

ಸೊನ್ನೆಗೆ ಸೊನ್ನೆ. ಉಜ್ಬೇಕರ ಎದುರು ಸೋಲದೆ ಉಳಿದದ್ದು ಅದೇ ಮೊದಲು. ಹುಡುಗಿಯರು ಅಳುತ್ತಿದ್ದರು, ಹಾಡುತ್ತಿದ್ದರು. ಬುರುಲ್ ಆ ಗುಂಪಿನ ನಡುವೆ ನುಗ್ಗಿ ಜಿಪಾರಳ ತೋಳು ಹಿಡಿದಳು.

"ನಡಿ. ವ್ಯಾನು ಕಾಯ್ತಿದೆ. ಊರಿಗೆ ಹೋಗ್ಬೇಕು."

"ಊರಿಗಾ? ಈಗ್ಲಾ? ಸ್ನಾನನಾದ್ರೂ ಮಾಡ್ತೀನಿ ತಡಿಯಕ್ಕ."

"ಬೇಡ. ಮನೇಲಿ ಏನೋ ಊಟ ಇಟ್ಕೊಂಡಿದಾರಂತೆ. ನಿಮ್ಮಣ್ಣ ಕರ್ದಿದಾನೆ. ಮೇಲೊಂದು ಜಾಕೆಟ್ ಹಾಕ್ಕೋ, ಸಾಕು."

"ನನ್ನ ಫೋನು?"

ಆಟದ ದಿನ ಎಲ್ಲರ ಫೋನೂ ಬುರುಲಳ ಚೀಲದಲ್ಲಿರುತ್ತಿತ್ತು. "ಹಾಸ್ಟೆಲಲ್ಲೇ ಉಳೀತು. ಪೆರಿಜಾತ್ ತರ್ತಾಳೆ," ಎಂದಳು. ಚೀಲ ಅವಳ ಹೆಗಲಲ್ಲೇ ಇತ್ತು.

ವ್ಯಾನಿನಲ್ಲಿ ಜಿಪಾರ್ ಮುಂದಿನ ಸೀಟಿನಲ್ಲಿ, ಕುಬಾತ್‌ನ ಪಕ್ಕ ಕೂತಳು, ಬುರುಲ್ ಹಿಂದೆ. ನಗರ ದಾಟುವವರೆಗೂ ಹುಡುಗಿಯ ಬಾಯಿ ಮುಚ್ಚಲಿಲ್ಲ. ಆ ಪೆನಾಲ್ಟಿ ಹೊಡೆದವಳು ಓಡಿ ಬರುವ ಮೊದಲೇ ಒಂದು ಕ್ಷಣ ಜಿಪಾರಳ ಬಲಗಡೆ ನೋಡಿದಳಂತೆ. ಅದೊಂದು ನೋಟ ಸಾಕಾಯಿತಂತೆ.

"ಅಪ್ಪ ನೋಡಿರ್ತಾರೆ ಅಲ್ವಾ ಅಕ್ಕ? ಅಣ್ಣನ ಫೋನಲ್ಲಿ ಬರತ್ತೆ. ಕಳೆದ ಸಲ ಸೋತಾಗ, ಇನ್ಮೇಲೆ ಬಾಗಿಲು ಹಾಕ್ಕೊಂಡು ಆಡು ಅಂತ ಕೀಟಲೆ ಮಾಡಿದ್ರು. ಇವತ್ತು ಏನ್ ಹೇಳ್ತಾರೋ ನೋಡ್ತೀನಿ."

ಬುರುಲ್ ಕಿಟಕಿಯ ಕಡೆ ಮುಖ ಮಾಡಿಕೊಂಡು "ಹೂಂ" ಎಂದಳು.

ಬೂಮ್ ಕಣಿವೆಯಲ್ಲಿ ರಸ್ತೆ ರಿಪೇರಿ ನಡೆದಿತ್ತು. ಲಾರಿಗಳ ಸಾಲು ನಿಂತಿತ್ತು. ಕೆಂಪು ಬಾವುಟ ಹಿಡಿದವನೊಬ್ಬ ಬಂಡೆಯ ಮೇಲೆ ಕೂತು ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ. ಕುಬಾತ್ ಇಳಿದು ಹೋಗಿ ಅವನ ಕಿವಿಯಲ್ಲಿ ಏನೋ ಹೇಳಿದ. ಬಾವುಟದವನು ಎದ್ದು ನಿಂತು, ಟೋಪಿ ಸರಿಮಾಡಿಕೊಂಡು, ಸತ್ತವರಿಗಾಗಿ ಪ್ರಾರ್ಥಿಸುವವರ ಹಾಗೆ ಎರಡೂ ಅಂಗೈಗಳಿಂದ ಮುಖ ಸವರಿಕೊಂಡ. ಆದರೆ ಎದುರಿನಿಂದ ಗಾಡಿಗಳು ಆಗಲೇ ಹೊರಟುಬಿಟ್ಟಿದ್ದವು. ಅವೆಲ್ಲ ದಾಟುವವರೆಗೆ ಯಾರೂ ಏನೂ ಮಾಡುವ ಹಾಗಿರಲಿಲ್ಲ.

ಜಿಪಾರ್ ಗಾಜಿನಾಚೆ ಅದನ್ನು ನೋಡಿದಳು. ಹೇಳುತ್ತಿದ್ದ ಮಾತನ್ನು ನಡುವೆಯೇ ನಿಲ್ಲಿಸಿದಳು. ಕುಬಾತ್ ಬಂದು ಕೂತಾಗ ರೇಡಿಯೋದ ಕಡೆ ಕೈ ಚಾಚಿ, ಮುಟ್ಟದೆ ಹಿಂತೆಗೆದುಕೊಂಡಳು.

"ಕುಬಾತಣ್ಣ, ನೀವು ಯಾವಾಗ್ಲೂ ಹಾಡು ಹಾಕ್ತೀರಿ."

"ಕೆಟ್ಟೋಗಿದೆ ಮಗಳೇ."

ಗಾಡಿ ಮುಂದೆ ಹೋಯಿತು. ಬಾಲಿಕ್ಚಿ ಪಟ್ಟಣದಲ್ಲಿ ಒಣಮೀನು ಮಾರುವವರು ದಾರದಲ್ಲಿ ಪೋಣಿಸಿದ ಮೀನು ಎತ್ತಿ ತೋರಿಸಿದರು. ಸಾಮಾನ್ಯವಾಗಿ ಅಲ್ಲಿ ವ್ಯಾನು ನಿಲ್ಲುತ್ತಿತ್ತು. ಈ ಸಲ ನಿಲ್ಲಲಿಲ್ಲ. ಮುಂದೆ ಒಂದು ಜಲಾಶಯದ ಹತ್ತಿರ ಬಂದಾಗ ಜಿಪಾರ್ ಕೂದಲಿಗೆ ಕಟ್ಟಿದ್ದ ಹಳದಿ ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಕೆಂಪು ಜಾಕೆಟ್ ತೆಗೆದು, ಒಳಗಿನ ಕಪ್ಪು ಅಸ್ತರು ಹೊರಗೆ ಬರುವ ಹಾಗೆ ಮಗುಚಿ ಹಾಕಿಕೊಂಡಳು.

"ಅಮ್ಮನಾ, ಅಪ್ಪನಾ?" ಎಂದು ಕೇಳಿದಳು, ಹಿಂದೆ ತಿರುಗದೆ.

ಕುಬಾತ್ ರಸ್ತೆಯನ್ನೇ ನೋಡುತ್ತಿದ್ದ. ಬುರುಲ್ ಬಾಯಿ ತೆರೆದಳು. ಹೇಳುವ ಹಾಗಿಲ್ಲ, ಹೇಳುವುದು ತನ್ನ ಕೆಲಸವಲ್ಲ. ಬೆಳಗಿನಿಂದ ಅವಳು ಅಡಗಿದ್ದದ್ದು ಅದೇ ಮರೆಯಲ್ಲಿ.

"ಅಪ್ಪ," ಎಂದಳು.

ಜಿಪಾರ್ ತಲೆಯಾಡಿಸಿದಳು. ಬಹಳ ಹೊತ್ತಿನ ಮೇಲೆ, ಊರಿನ ಪಾಪ್ಲರ್ ಮರಗಳು ಕಾಣತೊಡಗಿದಾಗ, ಮತ್ತೆ ಕೇಳಿದಳು. "ಆಟಕ್ಕೆ ಮುಂಚೆನೇ ಗೊತ್ತಿತ್ತಾ?"

"ಗೊತ್ತಿತ್ತು."

ಜಿಪಾರ್ ಜಾಕೆಟ್ಟಿನ ತೋಳುಗಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ತನ್ನ ಹುಡುಗಿಯರನ್ನು ಮೈದಾನದಲ್ಲಿ ಬೈದ ಹಾಗೆ ಬಾಯಿ ತುಂಬ ಬೈಯಲಿ ಎಂದು ಬುರುಲ್ ಕಾದಳು.

ಅಸರ್ ಮುಗಿದು ಹೋಗಿತ್ತು. ಅವರ ವ್ಯಾನು ಓಣಿಗೆ ತಿರುಗುವಾಗ ಗಂಡಸರು ದಿಬ್ಬದ ಸ್ಮಶಾನದಿಂದ ಇಳಿದು ಬರುತ್ತಿದ್ದರು, ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು. ಗಾಡಿ ಕಂಡು ರಸ್ತೆಯ ಬದಿಗೆ ಸರಿದು ನಿಂತರು. ಯುರ್ತ್‌ನ ಮುಂದೆ, ಸಾವಿನ ಮನೆಯ ಗಂಡಸರು ನಿಲ್ಲುವ ಹಾಗೆ ಕೋಲೂರಿ ನಿಂತಿದ್ದ ಎಸೆನ್, ತಂಗಿ ಇಳಿದದ್ದನ್ನು ಕಂಡು ಸೊಂಟ ಬಗ್ಗಿಸಿ, "ಓ ನನ್ನಪ್ಪಾ, ನನ್ನ ಬೆಟ್ಟದಂಥ ಅಪ್ಪಾ," ಎಂದು ದನಿಯೆತ್ತಿ ಅತ್ತ. ತಿಳಿಸಲೆಂದು ಎದುರು ಬಂದ ಇಬ್ಬರು ಮುದುಕರು ಅವಳ ಮುಖ ನೋಡಿ, ತಿಳಿಸುವುದಕ್ಕೆ ಏನೂ ಉಳಿದಿಲ್ಲವೆಂದು ಅರಿತು, ಬರೀ ಭುಜ ಹಿಡಿದು ಒಳಗೆ ಕಳಿಸಿದರು.

ಬುರುಲ್ ಅಂಗಳದಲ್ಲೇ ನಿಂತಳು. ದೊಡ್ಡ ಕಡಾಯಿಯಲ್ಲಿ ಮಾಂಸ ಬೇಯುತ್ತಿತ್ತು. ಎಸೆನ್ ಕಣ್ಣೊರೆಸಿಕೊಂಡು ತಂಬಿಗೆ ಹಿಡಿದು ಬಂದ; ದೂರದಿಂದ ಬಂದವರ ಕೈಗೆ ನೀರು ಹಾಕುವುದು ಮನೆಯವನ ಕೆಲಸ. ಅವಳು ಕೈ ಚಾಚಿದಳು. ನೀರು ಉಗುರುಬೆಚ್ಚಗಿತ್ತು.

"ಸಂಜೆಯಾಗ್ತಾ ಬಂತು ಅಂತ ಹಿರಿಯರು ತಡೀಲಿಲ್ಲ ಅಕ್ಕ," ಎಂದ ಅವನು ತಗ್ಗಿದ ದನಿಯಲ್ಲಿ, ತಾನೇ ತಪ್ಪು ಮಾಡಿದವನಂತೆ. "ಸ್ವಲ್ಪ ಕಾಯಿರಿ, ದಾರೀಲಿದಾರೆ ಅಂತ ಹೇಳ್ದೆ. ಹೇಳ್ತಾನೇ ಇದ್ದೆ."

"ರಸ್ತೆ ರಿಪೇರಿ..." ಎಂದಳು ಬುರುಲ್.

"ಹೂಂ." ಅವನು ಇನ್ನೊಂದಿಷ್ಟು ನೀರು ಹಾಕಿದ. "ಆಟ ನಡೀತಿದ್ದಾಗ್ಲೇ ಚಿಕ್ಕಪ್ಪನ ಮಗ ಫೋನಲ್ಲಿ ಹಾಕ್ಕೊಂಡಿದ್ದ. ಗುಂಡಿ ತೋಡೋಕೆ ಹೋದೋರೆಲ್ಲ ಒಂದು ಗಳಿಗೆ ನಿಂತು ನೋಡಿದ್ರು. ಚೆನ್ನಾಗಿ ಹಿಡಿದ್ಲು. ಆ ಪೆನಾಲ್ಟೀನ."

ಹೆಗಲ ಮೇಲಿದ್ದ ಟವೆಲ್ಲನ್ನು ಅವಳ ಕೈಗೆ ಕೊಟ್ಟ. "ಒಳಗೆ ಬನ್ನಿ. ಊಟ ಮಾಡದೆ ಹೋಗ್ಬಾರ್ದು."

ಯುರ್ತ್‌ನ ಒಳಗೆ ಹೆಂಗಸರು ಗೋಡೆಯ ಕಡೆ ಮುಖ ಮಾಡಿ ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಅಳುವೂ ಹಾಡಾಗಿ ಏರುತ್ತಿತ್ತು, ಇಳಿಯುತ್ತಿತ್ತು. ಎಡಗಡೆಯ ಪರದೆಯ ಹಿಂದೆ ಸಗಿನ್ ಮಲಗಿದ್ದ ಜಾಗವನ್ನು ಯಾರೂ ಮೆಟ್ಟದೆ ಬಿಟ್ಟಿದ್ದರು. ಅಲ್ಲಿನ ಕಂಬಳಿಯನ್ನು ಮಡಿಸಿಟ್ಟಿದ್ದರು. ಜಿಪಾರ್ ತಾಯಿಯ ಪಕ್ಕದಲ್ಲಿ ಕೂತಿದ್ದಳು. ಹಾಡಿ ಅಳಲು ಅವಳಿಗೆ ಬರುತ್ತಿರಲಿಲ್ಲ. ಬೇಸಿಗೆಗಳನ್ನೆಲ್ಲ ಶಿಬಿರದಲ್ಲೇ ಕಳೆದ ಅವಳು ಊರಲ್ಲಿ ನಿಂತು ಅದನ್ನು ಕಲಿತಿರಲಿಲ್ಲ. ಮೊಣಕಾಲಿನ ಮೇಲೆ ಕೈಯಿಟ್ಟು, ಬಾಯಿ ಅರ್ಧ ತೆರೆದು ತಾಯಿಯ ತುಟಿಗಳನ್ನೇ ನೋಡುತ್ತಿದ್ದಳು.

ಬುರುಲ್ ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತಳು. ಜಿಪಾರಳ ಸೋದರತ್ತೆ, ಬಿಳಿ ರುಮಾಲು ಸುತ್ತಿದ ಮುದುಕಿ, ಹುಡುಗಿಯ ಕೈಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಗೀರಿದ, ಮಣ್ಣು ಮೆತ್ತಿದ ಆ ಬೆರಳುಗಳಿಗೆಲ್ಲ ಆಟಕ್ಕೆ ಮುಂಚೆ ಸುತ್ತಿದ್ದ ಬಿಳಿಯ ಪಟ್ಟಿ ಹಾಗೇ ಇತ್ತು. ಮುದುಕಿ ಅಳುವ ಹಾಡನ್ನು ನಿಲ್ಲಿಸದೆ, ಉಗುರಿನಿಂದ ಪಟ್ಟಿಯ ತುದಿಯನ್ನು ಹುಡುಕಿ, ಹೆಬ್ಬೆರಳಿನಿಂದ ಮೆಲ್ಲಗೆ ಬಿಚ್ಚತೊಡಗಿದಳು. ಒಂದಾದ ಮೇಲೊಂದು, ಅಂಟಂಟಾದ ಆ ಸುರುಳಿಗಳು ಅವಳ ಲಂಗದ ಮೇಲೆ ಬೀಳುತ್ತಿದ್ದವು.