ಹನ್ನೆರಡು ಪದ್ಯದಷ್ಟು ಬಿಸಿನೀರು

ಟಕ್, ಲೋಟದ ಅಂಚಿಗೆ ಅಣ್ಣನ ಬೆರಳು, ಎಡಗೈಯ ತೋರುಬೆರಳು, ಅವನ ಮೈಯಲ್ಲಿ ಹೇಳಿದ ಮಾತು ಕೇಳುವುದು ಈಗ ಅದೊಂದೇ, ಟಕ್ ಟಕ್, ಬಂದೆ ಕಣೋ ಬಂದೆ, ನೀರು ಬೇಕಾ, ಕಣ್ಣಲ್ಲೇ ಬೇಡ, ದಿಂಬು ಸರಿಸಲಾ, ಅದೂ ಬೇಡ, ಮತ್ತಿನ್ನೇನು, ಮಧ್ಯಾಹ್ನದ ಗುಳಿಗೆಗೆ ಇನ್ನೂ ಅರ್ಧ ಗಂಟೆ ಇದೆ, ಡಬ್ಬಿ ನನ್ನ ಕೈಯಲ್ಲೇ ಇದೆ, ಬೆವರಿಗೆ ಮುಚ್ಚಳ ಜಾರುತ್ತಿದೆ — ಹೋದ ಶುಕ್ರವಾರ ಸಂಜೆ ಇದೇ ಡಬ್ಬಿ, ಇದೇ ಕೈ, ಅತ್ತಿಗೆ ಆಗಲೇ ಕೊಟ್ಟಿದ್ದ ಗುಳಿಗೆಯನ್ನೇ ನಾನು ಮತ್ತೆ ಕೊಟ್ಟೆ, ಅಣ್ಣ ಮರುದಿನ ಮಧ್ಯಾಹ್ನದವರೆಗೆ ಕಣ್ಣು ಬಿಡಲಿಲ್ಲ, ದೇವರು ದೊಡ್ಡವನು, ಇನ್ನೊಂದು ಗುಳಿಗೆ ಹೆಚ್ಚಾಗಿದ್ರೆ ನಮ್ಮ ಕೈಲೂ ಏನೂ ಆಗ್ತಿರಲಿಲ್ಲ ಅಂದರು ಡಾಕ್ಟರು, ನಾನು ಗೋಡೆ ಹಿಡಿದು ನಿಂತಿದ್ದೆ, ಅತ್ತಿಗೆ ಬೈಯುತ್ತಾರೆ, ಬೈಯಲಿ, ಹೊಡೆಯಲಿ, ಅವರು ಕೇಳಿದ್ದು ಒಂದೇ, ನೀನು ಕೂತು ಊಟ ಮಾಡಿ ಎಷ್ಟು ದಿನ ಆಯ್ತೇ?

ಲೆಕ್ಕವಿರಲಿಲ್ಲ. ಹತ್ತು ತಿಂಗಳಿಂದ ನಿಂತೇ ತುತ್ತು, ನಡೆಯುತ್ತಲೇ ನಿದ್ದೆ, ಒಡಹುಟ್ಟಿದವನು ಹಾಸಿಗೆ ಹಿಡಿದಿರುವಾಗ ತಂಗಿಯಾದವಳು ತಲೆ ಬಾಚಿಕೊಂಡರೆ ಪಾಪ ಬರುತ್ತದೆ ಎಂಬಂತೆ, ಹಗಲು ಬೈಂಡಿಂಗ್ ಕೆಲಸ, ಹಾಳೆ ಮಡಿಸು, ಜೋಡಿಸು, ಹೊಲಿ — ಅದೇ ಶುಕ್ರವಾರ ಬೆಳಿಗ್ಗೆ ಪ್ರಾರ್ಥನೆಯ ಪುಸ್ತಕ, ಮುನ್ನೂರು ಪ್ರತಿ, ಆರನೆಯ ಫಾರಂ, ಹದಿನಾರು ಪುಟದ ಆ ಮಡಿಕೆ ಅಷ್ಟನ್ನೂ ತಲೆಕೆಳಗಾಗಿ ಜೋಡಿಸಿ ಹೊಲಿದಿದ್ದೆ, ಮಾಲೀಕರು ಒಂದು ಪ್ರತಿ ಬಿಡಿಸಿ ನೋಡಿದರು, ದೇವರಿಗೇ ಶೀರ್ಷಾಸನ ಹಾಕಿಸಿದೆಯಲ್ಲ ತಾಯಿ, ಹದಿನೈದು ದಿನ ಮನೇಲಿರು, ಎಲ್ಲರೂ ನಕ್ಕರು, ನಾನೂ ನಕ್ಕೆ, ನಗುತ್ತಲೇ ಕಣ್ಣು ಕತ್ತಲೆ ಬಂತು. ಅದಕ್ಕೇ ಇವತ್ತು ಬೈಂಡಿಂಗ್‌ನಲ್ಲಿ ನನ್ನ ಜಾಗಕ್ಕೆ ಅತ್ತಿಗೆ ಹೋಗಿದ್ದಾರೆ, ಅತ್ತಿಗೆಯ ಜಾಗದಲ್ಲಿ ನಾನು, ಒಬ್ಬಳೇ, ಮೊದಲ ದಿನ. ಚಪ್ಪಲಿ ಮೆಟ್ಟುತ್ತ ಅಂದರು, ನಿನ್ನ ಮೇಲೆ ನಂಬಿಕೆ ಇದೆ ಕಣೇ, ನಿನ್ನ ಹಸಿವಿನ ಮೇಲೆ ಇಲ್ಲ, ಮೊದಲು ಊಟ, ಆಮೇಲೆ ಕಾಲು, ಆಮೇಲೆ ಡಬ್ಬಿ.

ಕಾಲು — ಎಂಥ ಹೆಂಗಸು ಇವರು, ಮೊದಮೊದಲು ಇದನ್ನು ಕೇಳಿ ನನಗೂ ಮೈ ಉರಿಯುತ್ತಿತ್ತು, ದಿನಾ ಇದೇ ಹೊತ್ತಿಗೆ ಬೋಗುಣಿಯಲ್ಲಿ ಬಿಸಿನೀರು, ಚಿಟಿಕೆ ಉಪ್ಪು, ಎರಡು ಪಾದ ಇಳಿಬಿಟ್ಟು ಕಣ್ಣು ಮುಚ್ಚಿ ಹನ್ನೆರಡು ಪದ್ಯ, ಅಮ್ಮ ನಮ್ಮನ್ನು ಎಬ್ಬಿಸುವಾಗ ಹೇಳುತ್ತಿದ್ದ ಅವೇ ಪದ್ಯ, ಸೊಸೆಗೆ ಅಮ್ಮ ಬಿಟ್ಟುಹೋದ ಆಸ್ತಿ ಅದಿಷ್ಟೇ, ಅವು ಮುಗಿಯುವವರೆಗೆ ಯಾರು ಕರೆದರೂ ಏಳುವುದಿಲ್ಲ, ಚಿಕ್ಕಮ್ಮ ಬಾಗಿಲಲ್ಲೇ ನಿಂತು ಚುಚ್ಚಿದ್ದರು, ಗಂಡ ಮಲಗಿದಲ್ಲೇ ಇದ್ದಾನೆ, ಇವಳು ಮಹಾರಾಣಿ ಥರ ಕಾಲು ನೆನೆಸ್ತಾಳೆ, ಅತ್ತಿಗೆ ಐದನೆಯ ಪದ್ಯದಲ್ಲಿದ್ದರು, ಹನ್ನೆರಡೂ ಮುಗಿಸಿ, ಬೆರಳ ಸಂದಿ ಒರೆಸಿಕೊಂಡು, ಆಮೇಲೆ ಉತ್ತರ ಕೊಟ್ಟರು, ಈ ಕಾಲು ನಿಂತ್ರೆ ತಾನೇ ಚಿಕ್ಕಮ್ಮ ಈ ಮನೆ ನಿಲ್ಲೋದು, ಬನ್ನಿ, ನೀರು ಇನ್ನೂ ಬೆಚ್ಚಗಿದೆ, ನೀವೂ ಇಳಿಬಿಡಿ. ಚಿಕ್ಕಮ್ಮ ಇಳಿಬಿಟ್ಟರು! ಅಳುತ್ತ ಬರುವ ನೆಂಟರಿಗೂ ಅಷ್ಟೇ, ಹೊರಗೇ ಅತ್ತು ಮುಗಿಸಿ ಒಳಗೆ ಬನ್ನಿ, ನಮ್ಮವರಿಗೆ ಕಿವಿ ಚೆನ್ನಾಗಿದೆ. ತಟ್ಟೆ ಹಾಕಿಕೊಂಡು ಕೂತು ಉಣ್ಣುವುದು, ಹೆರಳು ಬಿಗಿಯಾಗಿ ಹೆಣೆಯುವುದು, ಹತ್ತು ನಿಮಿಷ ಕಿಟಕಿಯ ಬಿಸಿಲು, ಇಷ್ಟೇ, ಇಷ್ಟರಲ್ಲೇ ಹತ್ತು ತಿಂಗಳಲ್ಲಿ ಒಂದು ಹೊತ್ತಿನ ಗುಳಿಗೆ ತಪ್ಪಿಸಿದವರಲ್ಲ, ಅಣ್ಣನ ಬೆನ್ನಿಗೆ ಒಂದು ಹುಣ್ಣಾಗಲು ಬಿಟ್ಟವರಲ್ಲ, ನಾನು ಉಪವಾಸ ಬಿದ್ದು ಸಾಧಿಸಿದ್ದೇನು, ಎರಡು ಗುಳಿಗೆ.

ಟಕ್. ಬಂದೆನಪ್ಪ. ಉಂಡಾಯಿತು, ತಟ್ಟೆ ತೊಳೆದಾಯಿತು, ಇನ್ನು ಕಾಲು ನೆನೆಸುವುದೊಂದು ಕೇಡು, ಹೊತ್ತೆಲ್ಲಿದೆ — ಅಣ್ಣ ನನ್ನನ್ನು ನೋಡುತ್ತಿಲ್ಲ, ಮೂಲೆಯ ಖಾಲಿ ಬೋಗುಣಿ ನೋಡುತ್ತಿದ್ದಾನೆ, ಬೋಗುಣಿ, ಲೋಟ, ಟಕ್ ಟಕ್ ಟಕ್ — ಅಯ್ಯೋ, ಇದು ಕರೆಯಲ್ಲ, ತಾಳ, ಅತ್ತಿಗೆಯ ಪದ್ಯಕ್ಕೆ ದಿನಾ ಇವನು ಮಲಗಿದಲ್ಲೇ ತಾಳ ಹಾಕುತ್ತಿದ್ದನೇ, ಬೈಂಡಿಂಗ್‌ನಲ್ಲಿದ್ದ ನನಗೆ ಹೇಗೆ ಗೊತ್ತಾಗಬೇಕು, ಇದು ಅವನ ಹೊತ್ತೂ ಹೌದು.

ಡಬ್ಬಿ ಕಿಟಕಿಯ ಮೇಲೆ. ನೀರು ಕಾದಿದೆ, ಉಪ್ಪು, ಅಬ್ಬಾ ಸುಡುತ್ತೆ, ತಡಿ, ಈಗ ಹಿತ, ಹಿಮ್ಮಡಿಯಿಂದ ಏನೋ ಬಿಟ್ಟು ಹೋಗುತ್ತಿದೆ, ಮೊದಲನೆಯ ಪದ್ಯ, ನನ್ನ ದನಿ ಎಷ್ಟು ಗೊಗ್ಗರು, ಎರಡು, ಮೂರು, ಅಮ್ಮನ ಸೆರಗಿನ ವಾಸನೆ, ಅಣ್ಣನೂ ನಾನೂ ಒಂದೇ ಹೊದಿಕೆಯೊಳಗೆ, ಅವನು ನನ್ನ ಬೆನ್ನ ಮೇಲೆ ತಾಳ ಹಾಕುತ್ತಿದ್ದ, ಇದೇ ಬೆರಳು, ಆರು, ಏಳು, ಏಳರ ಎರಡನೆಯ ಸಾಲು, ಎರಡನೆಯ ಸಾಲು — ಮರೆತಿದೆ, ನೀರು ಬೆಚ್ಚಗೇ ಇದೆ, ಅವನಿಗೆ ಸಾಲು ಗೊತ್ತು, ಹೇಳಲಾರ, ತುಟಿ ಅಲುಗಿತು, ಅಲುಗಿ ನಿಂತಿತು, ಬೆರಳು ಮಾತ್ರ ಲೋಟದ ಮೇಲೆ ಎತ್ತಿ ಹಿಡಿದಿದ್ದಾನೆ, ಇಳಿಸುತ್ತಿಲ್ಲ, ಅವಸರವಿಲ್ಲ, ನನಗಾಗಿ ಕಾಯುತ್ತಿದೆ, ಎತ್ತಿದ ಬೆರಳು —