ದೋನ್ ಲಿಬ್ರಾದೊ ಮತ್ತು ತೊಳೆದ ಬಕೆಟ್ಟು

ದೋನ್ ಲಿಬ್ರಾದೊ ಬೊಹೋರ್ಕೆಸ್ ಧೂಳೇಳದಂತೆ ನಡೆಯುತ್ತಿದ್ದರು. ಬೆಕ್ಕು ಆಕಳಿಸಿದರೂ ಧೂಳೇಳುವ ನಮ್ಮ ಎರ್ಮೊಸಿಯೊದಂಥ ಮರುಭೂಮಿಯ ಊರಿನಲ್ಲಿ ಇದು ಸಾಮಾನ್ಯ ಸಿದ್ಧಿಯಲ್ಲ. ಮೊಣಕಾಲನ್ನು ಎತ್ತರಕ್ಕೆತ್ತಿ, ಒಂದು ಕ್ಷಣ ಯೋಚಿಸಿ, ಅಂಗಾಲನ್ನು ಸಮವಾಗಿ ಇಳಿಸುತ್ತಾ, ಆಗತಾನೇ ಒರೆಸಿದ ನೆಲವನ್ನು ಅತ್ತೆಯ ಎದುರಿಗೇ ದಾಟಬೇಕಾಗಿ ಬಂದ ಹೊಸ ಸೊಸೆಯ ಹಾಗೆ ಅವರು ಮುನ್ನಡೆಯುತ್ತಿದ್ದರು. ಮಗಳ ಮದುವೆಯಲ್ಲಿ ಕುಣಿದದ್ದೂ ಹೀಗೆಯೇ. ಅವರ ಹೆಜ್ಜೆ ನೋಡಿ ತಾಳದವನು ಎರಡು ಸಲ ತಾಳ ತಪ್ಪಿದ.

ಈ ನಡಿಗೆ ಕಸುಬಿನಿಂದ ಬಂದದ್ದು. ಆಕಾಶದಿಂದ ನೆಲಕ್ಕೆ ಏನೇನು ಬೀಳುತ್ತದೆಂದು ತಿಳಿಯಲು ನಮ್ಮ ವಿಶ್ವವಿದ್ಯಾಲಯದವರು ಊರಿನ ತಾರಸಿಗಳ ಮೇಲೂ ಆಚೆಯ ಕಳ್ಳಿಗಾಡಿನಲ್ಲೂ ಬಿಳಿಯ ಬಕೆಟ್ಟುಗಳನ್ನು ಇಟ್ಟಿದ್ದರು. ತಿಂಗಳ ಮೊದಲ ಸೋಮವಾರ ಅವನ್ನು ತರುವವರು ದೋನ್ ಲಿಬ್ರಾದೊ, ಒಳಗಿನದನ್ನು ತೂಗಿ ಪರೀಕ್ಷಿಸುವವನು ನಾನು. ತಮ್ಮ ಅಂಗಿಯ ಒಂದೆಳೆ ನೂಲೂ ಮಾದರಿಗೆ ಬೀಳಬಾರದೆಂದು, ಓತಿಕ್ಯಾತವೂ ನೆರಳು ಹುಡುಕುವ ಜೂನ್ ತಿಂಗಳಲ್ಲಿ ಅವರು ಕಂದು ಕೋಟನ್ನು ಗಂಟಲವರೆಗೆ ಗುಂಡಿ ಹಾಕಿ ತೊಡುತ್ತಿದ್ದರು. ಊರಿನ ವಾಹನಗಳ ಹೊಗೆ ಗಾಳಿಯಲ್ಲಿ ಸಾಗಿ ದೂರದ ಕಳ್ಳಿಗಾಡಿಗೆ ಗೊಬ್ಬರವಾಗಿ ಬೀಳುತ್ತದೆ, ಅದನ್ನುಂಡು ಪರದೇಶದ ಹುಲ್ಲು ಕೊಬ್ಬುತ್ತದೆ ಎಂದು ನಾನು ಲೆಕ್ಕ ಹಾಕಿ ಹೇಳುವ ಹೊತ್ತಿಗೆ ಅವರು ಅದನ್ನು ಒಂದೇ ಮಾತಿನಲ್ಲಿ ಮುಗಿಸಿರುತ್ತಿದ್ದರು: "ಕೇಳದೇ ಇದ್ದೋರಿಗೆ ಬಡಿಸೋದು ನಮ್ಮೂರಿನ ಚಾಳಿ ಕಣಯ್ಯಾ."

ಅವರ ಮೂಗು ನನ್ನ ಯಂತ್ರಗಳಿಗಿಂತ ಹಿರಿಯದು. ಬಕೆಟ್ಟಿನ ಮೇಲೆ ಬಾಗಿ, ಕಣ್ಣು ಮುಚ್ಚಿ, "ಇದು ಹೆದ್ದಾರಿ, ಇದು ಕರಾವಳಿಯ ಗೋಧಿ ಹೊಲ, ಮೊನ್ನೆ ಉತ್ತಿದ್ದಾರೆ," ಎನ್ನುತ್ತಿದ್ದರು. ತಪ್ಪಿದ್ದನ್ನು ನಾನು ಕಾಣೆ. ಆದರೆ ಒಂದು ಬಕೆಟ್ಟಿನ ವಿಷಯದಲ್ಲಿ ಮಾತ್ರ ಆ ಮೂಗು ಮೂರು ವರ್ಷ ಮೌನವ್ರತ ಹಿಡಿದಿತ್ತು.

ಅದು ಪಿತಾಯಾಸ್ ಬಡಾವಣೆಯಲ್ಲಿ, ಇಟ್ಟಿಗೆ ಗೂಡುಗಳ ಹೊಗೆ ನೇರವಾಗಿ ಬಂದು ಕೂರುವ ಕಡೆ, ದೋನ್ಯಾ ತ್ರಿನಿ ಎಂಬ ವಿಧವೆಯ ತಾರಸಿಯ ಮೇಲಿತ್ತು. ಅಲ್ಲಿನ ಹೆಂಗಸರು ಬೆಳಗಾದರೆ ಮನೆಯ ಮುಂದಿನ ಮಣ್ಣುರಸ್ತೆಗೆ ನೀರು ಚಿಮುಕಿಸಿ ಗುಡಿಸುತ್ತಾರೆ. ದೋನ್ಯಾ ತ್ರಿನಿ ಗುಡಿಸಿದ ಮಣ್ಣಿನ ಮೇಲೆ ಕಾಲಿಡಲು ಪಾದ್ರಿಗಳೂ ಹೆದರುತ್ತಿದ್ದರು. ಆಕೆಯ ಬಕೆಟ್ಟಿನಲ್ಲಿ ಧೂಳೇ ಇರುತ್ತಿರಲಿಲ್ಲ. ಇದ್ದದ್ದು ರಂಜಕ, ಅಂದರೆ ಫಾಸ್ಫರಸ್ ಮಾತ್ರ, ಅದೂ ಯಥೇಚ್ಛ. ನಮ್ಮ ಮುಖ್ಯಸ್ಥೆ ಡಾಕ್ಟರ್ ಅರ್ವಿಸು ಇದು ಕೊಲ್ಲಿಯ ಕಡಲಹಕ್ಕಿಗಳ ಹಿಕ್ಕೆ ಎಂದು ಸಿದ್ಧಾಂತ ಕಟ್ಟಿ, ಹಕ್ಕಿಗಳು ಹಾರುವ ದಾರಿಯ ನಕ್ಷೆಯನ್ನೂ ಬರೆಸಿದರು. ದೋನ್ ಲಿಬ್ರಾದೊ ನಕ್ಷೆ ನೋಡಿ ಕೆಮ್ಮಿ ಹೊರಗೆ ಹೋದರು.

ಅಷ್ಟರಲ್ಲಿ ನಗರಸಭೆಯಿಂದ ಪತ್ರ ಬಂತು. ಗೂಡುಗಳನ್ನು ಬಡಾವಣೆಯಿಂದ ಆಚೆಗೆ ಕಳಿಸಬೇಕೋ ಬೇಡವೋ, ನಿಮ್ಮ ಅಂಕಿಗಳನ್ನು ನೋಡಿ ತೀರ್ಮಾನಿಸುತ್ತೇವೆ, ಎರಡು ತಿಂಗಳಲ್ಲಿ ಸಭೆ ಎಂದು. ನಮ್ಮ ಅಂಕಿಗಳ ಪ್ರಕಾರ ಊರಿಗೆಲ್ಲ ನಿರ್ಮಲವಾದ ಗಾಳಿ ಪಿತಾಯಾಸ್‌ನದು.

ಮರುದಿನ ದೋನ್ ಲಿಬ್ರಾದೊ ನನ್ನನ್ನೂ ಅಲ್ಲಿಗೆ ಎಳೆದುಕೊಂಡು ಹೋದರು. ಅಂದು ಸೋಮವಾರವಲ್ಲ. ಹೇಳದೆ ಬಂದ ನಮ್ಮನ್ನು ಕಂಡು ದೋನ್ಯಾ ತ್ರಿನಿಯ ಮುಖ ಬಿಳಿಚಿತು. ಕಾಫಿ ತಂದರು, ಬೆಲ್ಲ ತುಂಬಿದ ಕೊಯೋತಾ ರೊಟ್ಟಿ ತಂದರು, ಸೆರಗಿನಂತೆ ಏಪ್ರನ್ ಎತ್ತಿ ಹಿಡಿದು ಅದರೊಳಗೆ ಕೆಮ್ಮಿದರು. ದೋನ್ ಲಿಬ್ರಾದೊ ಟೊಪ್ಪಿ ತೆಗೆದು ಮಡಿಲಲ್ಲಿ ತಿರುಗಿಸಿದರು.

"ದೋನ್ಯಾ ತ್ರಿನಿ, ಆ ಬಕೆಟ್ಟು... ನಿಂಬೆ ಸೋಪಿನ ವಾಸನೆ ಬರುತ್ತೆ."

"ಬರದೇ ಏನು? ಪ್ರತಿ ತಿಂಗಳು ಹಿಂದಿನ ದಿನ ಭಾನುವಾರ ಸಂಜೆ ತೊಳೀತೀನಲ್ಲ. ಸೋಮವಾರ ನೀವು ಬರ್ತೀರಿ. ಕೊಳಕು ಬಕೆಟ್ಟು ಕೈಗೆ ಕೊಟ್ಟು ಕಳಿಸೋಕೆ ನಾನೇನು ಮನೆತನ ಇಲ್ಲದೋಳಾ?"

"ಇನ್ಮೇಲೆ ತೊಳೀಬೇಡಿ."

"ನನ್ನ ತಾರಸಿ ಮೇಲೆ ಕೊಳೆ ಇಟ್ಕೋ ಅಂತೀರಾ? ನನ್ನ ಕಾಫಿ ಕುಡಿದ ಬಾಯಲ್ಲಿ!"

ನಮ್ಮ ರಂಜಕ ಹಕ್ಕಿಗಳದಲ್ಲ, ಈ ಸೋಪಿನದು! ಮೂರು ವರ್ಷ ದೋನ್ ಲಿಬ್ರಾದೊ ಹೆದರಿದ್ದು ಈ ಮಾತಿಗೇ ಇರಬೇಕು. ಆ ಕಾಫಿಯ ಮೇಲೆ ಅವರಿಗೆ ಪ್ರೀತಿಯಿತ್ತು; ಕಾಫಿಯ ಮೇಲಷ್ಟೇ ಅಲ್ಲ ಎಂದು ನನಗಂದು ತಿಳಿಯಿತು. ಅವರು ಕಾಫಿ ಬಟ್ಟಲನ್ನು ಕೆಳಗಿಟ್ಟರು.

"ಅದು ನಿಮ್ಮ ಕೊಳೆ ಅಲ್ಲ ತ್ರಿನಿ. ಗೂಡಿನೋರದು. ನೀವು ಸೋಪು ಹಾಕಿ ತೊಳೀತಿರೋದು ಅವರ ಪಾಪಾನ. ನಿಮ್ಮ ಎದೆಯೊಳಗೆ ಕೂತಿರೋದನ್ನ ಯಾರು ತೊಳೀತಾರೆ?"

ದೋನ್ಯಾ ತ್ರಿನಿ ಏಪ್ರನ್ ಕೊಡವಿ ಎದ್ದರು. ಆಮೇಲೆ, "ಮೂರು ವರ್ಷ! ಅವರದ್ದಾ! ನನ್ನ ಸೋಪಲ್ಲಿ!" ಎಂದು ಗೂಡುಗಳ ದಿಕ್ಕಿಗೆ ಬೈಯತೊಡಗಿದವರು ನಾವು ಹೊರಡುವವರೆಗೂ ನಿಲ್ಲಿಸಲಿಲ್ಲ.

ಸಭೆಯ ದಿನ ಆಕೆಯೇ ಬಕೆಟ್ಟು ಹೊತ್ತು ಬಂದರು, ರೊಟ್ಟಿ ಮುಚ್ಚುವ ಕಸೂತಿಯ ಬಟ್ಟೆ ಹೊದಿಸಿ. ಬಟ್ಟೆ ತೆಗೆದಾಗ ಒಳಗಿದ್ದ ಎರಡು ಬೆರಳು ಮಸಿಯನ್ನು ನೋಡಿ ಮುಂದಿನ ಸಾಲಿನವರು ಕುರ್ಚಿ ಹಿಂದಕ್ಕೆ ಸರಿಸಿದರು. ಗೂಡಿನ ಮಾಲೀಕರ ಕಡೆಯವನೊಬ್ಬ ಹಳೆಯ ಅಂಕಿಗಳನ್ನು ಎತ್ತಿದ. ದೋನ್ ಲಿಬ್ರಾದೊ ಎದ್ದರು, ಕೋಟಿನ ಗುಂಡಿ ಸರಿಮಾಡಿಕೊಂಡರು, ಇಪ್ಪತ್ತಾರು ವರ್ಷ ಒಂದು ಚಿತ್ತೂ ಇಲ್ಲದ ತಮ್ಮ ದಾಖಲೆ ಪುಸ್ತಕ ತೆರೆದು ಮೂವತ್ತಾರು ಸಾಲುಗಳ ಮೇಲೆ ಅಡ್ಡಗೆರೆ ಎಳೆದರು. "ಇವು ಸುಳ್ಳು. ನನಗೆ ಗೊತ್ತಿತ್ತು, ಹೇಳಲಿಲ್ಲ. ತಪ್ಪು ನನ್ನದು, ಆಕೆಯದಲ್ಲ," ಎಂದರು. ಡಾಕ್ಟರ್ ಅರ್ವಿಸು ತಮ್ಮ ಹಕ್ಕಿಗಳ ನಕ್ಷೆಯನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿದರು. ಗೂಡುಗಳು ಮುಂದಿನ ವರ್ಷ ಊರಾಚೆ ಹೋದವು. ದೋನ್ ಲಿಬ್ರಾದೊ ಅವರ ಕೆಲಸ ಸಭೆ ನಡೆದ ತಿಂಗಳಲ್ಲೇ ಹೋಗಿತ್ತು. ಆಮೇಲೂ ಅವರು ಸೋಮವಾರಗಳಂದು ಪಿತಾಯಾಸ್‌ಗೆ ಹೋಗುವುದನ್ನು ಬಿಡಲಿಲ್ಲ, ಬಕೆಟ್ಟಿಲ್ಲದೆಯೇ.

ಕೊಳೆಯನ್ನು ತೊಳೆಯುವವರು ಲೋಕದಲ್ಲಿ ಬೇಕಾದಷ್ಟು ಜನ, ಅವರಿಗೆ ಮರ್ಯಾದೆಯೂ ಇದೆ. ಬಿದ್ದ ಕೊಳೆಯನ್ನು ಬಿದ್ದ ಹಾಗೆಯೇ ಕಾಯ್ದು, ಇದು ಇಂಥವರದು ಎಂದು ಹೇಳುವವರು ಅಪರೂಪ. ಅವರೂ ಪ್ರೀತಿಗೆ ಸಿಕ್ಕಿ ಒಮ್ಮೊಮ್ಮೆ ಮೂಗು ಮುಚ್ಚಿಕೊಳ್ಳುತ್ತಾರೆ. ಉಳಿದ ನಾವೆಲ್ಲ ನೆಂಟರು ಬರುವ ಮುಂಚೆ ಬಕೆಟ್ಟು ತೊಳೆದಿಟ್ಟು, ನಮ್ಮ ಗಾಳಿ ಚೆನ್ನಾಗಿದೆ ಎಂದುಕೊಂಡು ಕೆಮ್ಮುತ್ತಿರುತ್ತೇವೆ.