ಫ್ಲೆಕ್ಸಿನ ಮೇಲಿನ ಮಾತು

ಹೊರರಾಜ್ಯದ ನಾಯಕರು ಕೇರಳದಲ್ಲಿ ಭಾಷಣ ಮಾಡುವಾಗ ಪಕ್ಕದಲ್ಲಿ ಇನ್ನೊಂದು ಮೈಕು ಇರಲೇಬೇಕು. ಅವರು ಒಂದೆರಡು ವಾಕ್ಯ ಹೇಳಿ ನಿಲ್ಲಿಸುತ್ತಾರೆ, ಎರಡನೆಯ ಮೈಕಿನವರು ಅದನ್ನು ಮಲಯಾಳಕ್ಕೆ ತರುತ್ತಾರೆ. ಚಪ್ಪಾಳೆ ಬೀಳುವುದು ಎರಡನೆಯ ಮೈಕಿಗೆ, ಹಾರ ಬೀಳುವುದು ಮೊದಲನೆಯವರ ಕೊರಳಿಗೆ. ನಾನು ವಾರಿಜಾ, ಕುಂಬಳೆಯವಳು. ತಿರುವನಂತಪುರದಲ್ಲಿ ಸರ್ಕಾರಿ ಕಾಗದ ಅನುವಾದಿಸಿ ನಿವೃತ್ತಳಾದ ಮೇಲೆ ಎಂಟು ವರ್ಷದಿಂದ ಎರಡನೆಯ ಮೈಕಿನವಳು.

ಆ ಬೆಳಿಗ್ಗೆ ಆರಕ್ಕೇ ಕೆಂಪಣ್ಣನವರ ಕಾರು ಪಟ್ಟಂನ ನಮ್ಮ ಫ್ಲ್ಯಾಟಿನ ಕೆಳಗೆ ನಿಂತಿತು. ಮೈಸೂರು ಕಡೆಯ ಈ ನಾಯಕರು ತಮ್ಮ ಪಕ್ಷದ ಕೇರಳ ಉಸ್ತುವಾರಿ. ಎರ್ನಾಕುಲಂನಲ್ಲಿ ಹನ್ನೊಂದಕ್ಕೆ ಸೌಹಾರ್ದ ಸಭೆ. ಅಲ್ಲೇ ಹತ್ತಿರದ ಏಲೂರಿನ ಲಾರಿ ಯಾರ್ಡಿನಲ್ಲಿ ಚಾಲಕರು ನಮಾಜು ಮಾಡುತ್ತಿದ್ದ ತಗಡಿನ ಶೆಡ್ಡನ್ನು ಹೋದ ವರ್ಷ ಯಾರೋ ಕೆಡವಿದ್ದರು. ಚಾಲಕರು ಕೋರ್ಟಿಗೆ ಹೋಗಿದ್ದರು. ಇವತ್ತು ಅವರ ಹಿರಿಯ ಬೀರಾನ್ ಇಕ್ಕ, ಅಂದರೆ ಬೀರಾನಣ್ಣ, ವೇದಿಕೆಯಲ್ಲೇ ಕೇಸು ಹಿಂದೆಗೆದುಕೊಳ್ಳುವ ಕಾಗದಕ್ಕೆ ಸಹಿ ಹಾಕುವವರಿದ್ದರು. ಕೇಸು ಹೋದರೆ ಜಾಗವೂ ಹೋದ ಹಾಗೆಯೇ, ಇನ್ನೇನಿದ್ದರೂ ಪ್ರಾರ್ಥನೆಗೆ ಜಾಗ ನೋಡಿಕೊಳ್ಳುತ್ತೇವೆ ಎಂಬ ಪಕ್ಷದವರ ಬಾಯಿಮಾತು.

ಆಲಪ್ಪುಳ ದಾಟುವವರೆಗೆ ಕೆಂಪಣ್ಣನವರು ನಿದ್ದೆ ಹೊಡೆದರು. ಎಚ್ಚರವಾದೊಡನೆ ನಗುತ್ತ ಹೇಳಿದರು:

"ಹೋದ್ ವರ್ಷ ಏಲೂರಲ್ಲಿ ಭರ್ಜರಿಯಾಗಿ ಸಂಭಾಳಿಸಿದ್ರಿ ಮೇಡಂ. ಇವತ್ತೂ ಹಂಗೇ ಮಾಡ್ಬಿಡಿ."

"ಎಂತ ಸಂಭಾಳಿಸಿದ್ದು ಸರ್?"

"ಅಯ್ಯೋ, ನಂಗೇನ್ ಗೊತ್ತಾಗಲ್ವಾ? ನಾನು ಬೈದಿದ್ದಕ್ಕೆ ಸಾಬ್ರು ಚಪ್ಪಾಳೆ ಹೊಡೆದ್ರಲ್ಲ! ನಾನು ಮಾತಾಡೋದು ಊರಿನ್ ಕ್ಯಾಮೆರಾಕ್ಕೆ. ನಮ್ ಜನ ಕನ್ನಡದ್ ವಿಡಿಯೋ ನೋಡ್ತಾರೆ, ಕೆಂಪಣ್ಣ ಅವರ ಮುಖದ ಮೇಲೇ ಹೇಳ್ಬಂದ ಅಂತ ಖುಷಿಪಡ್ತಾರೆ. ಇಲ್ಲಿಯವರಿಗೆ ನೀವಿದ್ದೀರಿ. ಎರಡೂ ಕಡೆ ಹಬ್ಬ."

ನನಗೆ ಮೈಯೆಲ್ಲ ಉರಿದುಹೋಯಿತು. ಹೋದ ವರ್ಷ ಅವರು ಹೇಳಿದ್ದು, "ಇದ್ದರೆ ಬಾಯಿ ಮುಚ್ಕೊಂಡು ಇರ್ಲಿ, ಇಲ್ಲ ಗಂಟುಮೂಟೆ ಕಟ್ಲಿ" ಎಂದು. ಶೆಡ್ಡು ಬಿದ್ದ ಮೇಲಿನ ಸಭೆ ಅದು; ಮೈದಾನದ ಆಚೆ ಎರಡು ಗುಂಪು ಕಲ್ಲು ಹಿಡಿದು ನಿಂತಿದ್ದವು, ನಡುವೆ ಆರೇ ಜನ ಪೊಲೀಸರು. ನಾನು ಮಲಯಾಳದಲ್ಲಿ ಹೇಳಿದ್ದು, "ನೆರೆಯವರ ಪ್ರಾರ್ಥನೆಗೆ ಜಾಗ ಕೊಡುವುದು ನಮ್ಮ ಮರ್ಯಾದೆ" ಎಂದು. ಸಾರಿಗೆ ಖಾರ ಹೆಚ್ಚಾದರೆ ಬೆಲ್ಲ ಹಾಕುವ ಹಾಗೆ ಹಾಕಿದೆ. ಕಲ್ಲುಗಳು ಕೆಳಗೆ ಬಿದ್ದವು. ಜೀವ ಉಳಿಸಿದೆ ಎಂದು ಒಂದು ವರ್ಷ ಒಳಗೊಳಗೇ ಬೀಗಿದ್ದೆ. ಈ ಮನುಷ್ಯ ನನ್ನ ಬೆಲ್ಲವನ್ನೂ ಲೆಕ್ಕದಲ್ಲಿಟ್ಟೇ ಖಾರ ಅರೆಯುತ್ತಿದ್ದ ಎಂದು ಈಗ ತಿಳಿಯಿತು.

"ಇವತ್ತು ಒಳ್ಳೆ ಮಾತು ನೀವೇ ಆಡಿ ಸರ್," ಎಂದೆ.

"ಒಳ್ಳೆ ಮಾತಿಗೆ ನೀವಿದ್ದೀರಲ್ಲ," ಎಂದು ಮೊಬೈಲು ತೆಗೆದರು.

ಎರ್ನಾಕುಲಂನ ಸಭಾಂಗಣದ ಬಾಗಿಲಲ್ಲಿ ಇನ್ನೂ ದೊಡ್ಡದು ಕಾದಿತ್ತು. ಆಳೆತ್ತರದ ಫ್ಲೆಕ್ಸು. ಕೆಂಪಣ್ಣನವರು ಕೈಮುಗಿದ ಫೋಟೋ, ಕೆಳಗೆ ಹಸಿರು ಮಲಯಾಳ ಅಕ್ಷರದಲ್ಲಿ ನನ್ನ ವಾಕ್ಯ: ನೆರೆಯವರ ಪ್ರಾರ್ಥನೆಗೆ ಜಾಗ ಕೊಡುವುದು ನಮ್ಮ ಮರ್ಯಾದೆ. ಅದರ ಕೆಳಗೆ ಅವರ ಹೆಸರು. ಕಟ್ಟಿಸಿದ್ದು ಪಕ್ಷದವರಲ್ಲ, ಏಲೂರಿನ ಚಾಲಕರು.

ಬೀರಾನ್ ಇಕ್ಕ ಬಿಳಿ ಪಂಚೆಯ ತುದಿ ಹಿಡಿದುಕೊಂಡು ಹತ್ತಿರ ಬಂದರು. ಎಪ್ಪತ್ತರ ಹತ್ತಿರದ ಮನುಷ್ಯ. ಇಲ್ಲಿ ಕನ್ನಡಕ ಹಾಕಿದ ಹೆಂಗಸೆಲ್ಲ ಟೀಚರ್.

"ಟೀಚರ್, ನಮ್ಮ ಹುಡುಗರು ಸಹಿ ಬೇಡ ಅಂತ ಹಟ ಹಿಡಿದಿದ್ದರು," ಎಂದು ಮಲಯಾಳದಲ್ಲಿ ಹೇಳಿದರು. "ನಾನು ಈ ಮಾತು ತೋರಿಸಿದೆ. ಇಂಥ ಮಾತಾಡಿದವರು ಕೈಬಿಡುವುದಿಲ್ಲ ಅಂದೆ. ಸರಿಯಲ್ಲವಾ?"

ಅಷ್ಟರಲ್ಲಿ ಕಾರ್ಯಕರ್ತನೊಬ್ಬ ಬಂದು ನನ್ನನ್ನು ವೇದಿಕೆಗೆ ಎಳೆದುಕೊಂಡು ಹೋದ.

ಸಹಿಯ ಕಾಗದ ಮೇಜಿನ ಮೇಲಿತ್ತು, ಹಾರಬಾರದೆಂದು ಮೇಲೊಂದು ನೀರಿನ ಬಾಟಲಿ. ಬೀರಾನ್ ಇಕ್ಕ ಜೇಬಿನಿಂದ ಪೆನ್ನು ತೆಗೆದು ಹಿಡಿದೇ ಕೂತರು. ಮೈಸೂರಿನಿಂದ ಬಂದ ಕ್ಯಾಮೆರಾ ನೇರ ಕೆಂಪಣ್ಣನವರ ಮುಖಕ್ಕೆ ತಿರುಗಿತ್ತು. ಮೊದಲು ಸ್ವಾಗತ, ಓಣಂ, ದೋಣಿ, ಕರಾವಳಿಯ ಹೊಗಳಿಕೆ. ಅದನ್ನೆಲ್ಲ ನಾನು ಇದ್ದ ಹಾಗೆಯೇ ಹೇಳಿದೆ.

ಆಮೇಲೆ ಕೆಂಪಣ್ಣನವರು ಎದೆಯ ಮೇಲೆ ಕೈಯಿಟ್ಟು, ಬೀರಾನ್ ಇಕ್ಕನತ್ತ ಬಾಗಿ, ನೋಡಿದವರಿಗೆ ಆಶೀರ್ವಾದವೆನ್ನಿಸುವ ನಗೆಯಲ್ಲಿ ಹೇಳಿದರು:

"ಶೆಡ್ ಹೋಯ್ತು ಅಂತ ಅಳೋದು ಸಾಕು. ಸುಮ್ನೆ ಸಹಿ ಹಾಕಿ. ನಾಳೆಯಿಂದ ಆ ಯಾರ್ಡಲ್ಲಿ ನಿಮ್ ಚಾಪೆ ಕಂಡ್ರೆ, ಚಾಪೆನೂ ಇರಲ್ಲ, ಚಾಪೆ ಹಾಸ್ದೋರೂ ಇರಲ್ಲ."

ನಿಲ್ಲಿಸಿ ನನ್ನತ್ತ ನೋಡಿದರು. ಬೆಲ್ಲ ಹಾಕು ಎನ್ನುವ ನೋಟ.

ಬಾಯಲ್ಲಿ ಬೆಲ್ಲ ಸಿದ್ಧವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. "ಕಣ್ಣೀರು ಒರೆಸೋಣ, ಹೊಸ ನಾಳೆ ಕಟ್ಟೋಣ" ಎಂದುಬಿಟ್ಟರೆ ಮುಗಿಯಿತು. ಚಪ್ಪಾಳೆ, ಸಹಿ, ಊಟ, ಪಟ್ಟಂಗೆ ವಾಪಸು. ಮುಂದಿನ ಸಾಲಿನ ಹುಡುಗರನ್ನು ನೋಡಿದೆ. ಇವತ್ತೂ ಯಾರಾದರೂ ಕಲ್ಲು ಎತ್ತಿಕೊಂಡರೆ? ಆದರೆ ಬೀರಾನ್ ಇಕ್ಕ ಕಾಗದದ ಮೇಲಿನ ಬಾಟಲಿ ಸರಿಸುತ್ತಿದ್ದರು.

ಮಲಯಾಳದಲ್ಲಿ ಹೇಳಿದೆ. ಅಳೋದು ಸಾಕು ಎಂಬುದನ್ನು ಹೇಳಿದೆ. ಚಾಪೆಯನ್ನೂ ಚಾಪೆ ಹಾಸಿದವರನ್ನೂ ಹೇಳಿದೆ. ಕೊನೆಗೆ, "ಇದು ಅವರು ಹೇಳಿದ್ದು, ನಾನು ಕೂಡಿಸಿದ್ದು ಏನೂ ಇಲ್ಲ," ಎಂದೆ.

ಕಾರ್ಯಕರ್ತನೊಬ್ಬ ಓಡಿ ಬಂದು ನನ್ನ ಮೈಕಿಗೆ ಕೈಹಾಕಿದ. ಮುಂದಿನ ಸಾಲಿನ ಹುಡುಗರು ಎದ್ದುನಿಂತರು. ಬೀರಾನ್ ಇಕ್ಕ ಕೈಯೆತ್ತಿದ ಮೇಲೆ ಒಬ್ಬೊಬ್ಬರಾಗಿ ಕೂತರು. ಮಲಯಾಳ ತಿಳಿಯದ ಕೆಂಪಣ್ಣನವರು ಎದೆಯ ಮೇಲಿನ ಕೈ ತೆಗೆಯದೆ ಇನ್ನೂ ಚಪ್ಪಾಳೆಗೆ ಕಾಯುತ್ತಿದ್ದರು.

ಬೀರಾನ್ ಇಕ್ಕ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.

"ಹಾಗಾದರೆ ಹೋದ ವರ್ಷದ್ದು ಯಾರ ಮಾತು, ಟೀಚರ್?"

"ನನ್ನದು."

ಅವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಒಂದು ವರ್ಷ ಶುಕ್ರವಾರ ಶುಕ್ರವಾರ ಟಾರು ರಸ್ತೆಯ ಬಿಸಿಲಲ್ಲಿ ನಿಂತು, ಈ ಮನುಷ್ಯನಿಗಾಗಿ ದುಆ ಮಾಡಿದೆವು," ಎಂದರು. "ಒಳ್ಳೆಯ ಮಾತೇ ಟೀಚರ್ ಅದು. ಅದನ್ನು ಹೇಳುವ ನಾಯಕ ಒಬ್ಬನಾದರೂ ಇದ್ದಾನೆ ಅಂದುಕೊಂಡಿದ್ದೆವು."

ಕೆಂಪಣ್ಣನವರು ನನ್ನ ಕಡೆ ಬಾಗಿ, ನಗು ಬಿಡದೆಯೇ, "ಏನಂತೆ ಯಜಮಾನ್ರು? ಥ್ಯಾಂಕ್ಸ್ ಹೇಳ್ತಿದ್ದಾರಾ?" ಎಂದರು.

ಕಾರ್ಯಕರ್ತನ ಕೈಯಿಂದ ಮೈಕು ಬಿಡಿಸಿಕೊಂಡೆ. ಮೈಸೂರಿನ ಕ್ಯಾಮೆರಾ ಇನ್ನೂ ಓಡುತ್ತಿತ್ತು. ಬೀರಾನ್ ಇಕ್ಕ ಹೇಳಿದ್ದನ್ನು ಕನ್ನಡದಲ್ಲಿ, ದುಆದಿಂದ ಹಿಡಿದು ಕೊನೆಯವರೆಗೆ, ಇದ್ದದ್ದು ಇದ್ದ ಹಾಗೆ ಹೇಳಿದೆ.